ಭಾರತಿ ಎಂದು ಹೆಸರಿಟ್ಟವನು

‘ಅವನು ಒಳ್ಳೆಯ’ ಎಂದು ಒತ್ತಿದರೆ ಈ ಫೋನು ತಾನಾಗಿಯೇ ‘ಮನುಷ್ಯ’ ಎಂಬ ಮುಂದಿನ ಪದವನ್ನು ಎತ್ತಿ ಕೊಡುತ್ತದೆ. ಪಾಪ, ಅದಕ್ಕೆ ಅವನ ಪರಿಚಯವಿಲ್ಲ. ನಾನು ಬರೆಯಲು ಹೊರಟದ್ದು ‘ಅವನು ಒಳ್ಳೆಯ ಅಕ್ಷರ ಬರೆಯುತ್ತಿದ್ದ’ ಎಂದು. ಅವನ ವಿಷಯದಲ್ಲಿ ಹೇಳಬಹುದಾದ ಒಳ್ಳೆಯ ಮಾತು ಅದೊಂದೇ. ಅದನ್ನು ಹೇಳಿಯಾಯಿತು. ಇನ್ನು ನಿರಾಳವಾಗಿ ಉಳಿದದ್ದನ್ನು ಬರೆಯಬಹುದು.

ಸಿದ್ದಾಪುರದ ತಾಲ್ಲೂಕು ಕಚೇರಿಯ ಎದುರು ಸಾಲಿನಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇತ್ತು. ಪಕ್ಕದ ಖೋಲಿ ಅವನದು. ನಡುವೆ ಗೋಡೆಯಿರಲಿಲ್ಲ, ಬರೀ ಹಲಗೆ. ಅವನು ಅರ್ಜಿ, ಕರಾರುಪತ್ರ, ತಕರಾರು ಎಲ್ಲವನ್ನೂ ಬರೆದುಕೊಡುವವನು. ಧಾರವಾಡದಲ್ಲಿ ಒಂದು ವರ್ಷ ಕಾಯ್ದೆ ಓದಿ ಬಿಟ್ಟು ಬಂದಿದ್ದನಂತೆ. ಆ ಒಂದು ವರ್ಷದ ಓದನ್ನು ಮೂವತ್ತು ವರ್ಷ ಊರಿನ ಮೇಲೆ ಸುರಿದ. ನಾನು ರವಿಕೆಗೆ ತೋಳು ಕೂರಿಸುತ್ತ ಅವನ ಕಾಯ್ದೆಯನ್ನೆಲ್ಲ ಹಲಗೆಯ ಈಚೆಯಿಂದ ಕೇಳಿದ್ದೇನೆ.

ಯಾರಾದರೂ ಅವನ ಮಾತಿಗೆ ಅನುಮಾನ ಪಟ್ಟರೆ ಅವನ ಹತ್ತಿರ ಒಂದು ಮದ್ದಿತ್ತು. ‘ಯಲ್ಲಾಪುರದಲ್ಲಿ ಹಿಂಗೇ ಒಂದು ಕೇಸು ಆಗಿತ್ತು’ ಎನ್ನುತ್ತಿದ್ದ. ಜಮೀನಿನ ಗಡಿ ಇರಲಿ, ದತ್ತಕ ಇರಲಿ, ಹಾವು ಕಚ್ಚಿ ಎಮ್ಮೆ ಸತ್ತದ್ದೇ ಇರಲಿ, ಎಲ್ಲಕ್ಕೂ ಯಲ್ಲಾಪುರದಲ್ಲಿ ಒಂದು ಕೇಸು ಆಗಿಯೇ ಇರುತ್ತಿತ್ತು, ಅರ್ಜಿದಾರ ಗೆದ್ದೇ ಇರುತ್ತಿದ್ದ. ಅವನು ಯಲ್ಲಾಪುರಕ್ಕೆ ಹೋದಾಗ ಅಲ್ಲಿಯವರಿಗೆ ಸಿದ್ದಾಪುರದ ಕೇಸು ಹೇಳುತ್ತಿದ್ದನೋ ಏನೋ.

ಇನ್ನೊಂದು ಅವನ ರಬ್ಬರು ಮೊಹರು. ಶಿರಸಿಯಲ್ಲಿ ಮಾಡಿಸಿಕೊಂಡು ಬಂದದ್ದು. ದುಂಡಗೆ, ನೇರಳೆ ಮಸಿ, ನಡುವೆ ‘ಪರಿಶೀಲಿಸಲಾಗಿದೆ’ ಎಂಬ ಒಂದೇ ಪದ. ಯಾರು ಪರಿಶೀಲಿಸಿದ್ದು, ಯಾವ ಅಧಿಕಾರದಿಂದ, ಎಂಬುದೆಲ್ಲ ಅದರಲ್ಲಿರಲಿಲ್ಲ. ಅರ್ಜಿ ಬರೆದು, ಟಪ್ಪೆಂದು ಅದನ್ನೊತ್ತಿ, ಬಾಲ್‌ಪೆನ್ನಿನ ಸಹಿಯ ಮೇಲೂ ಮಸಿ ಆರಲಿ ಎನ್ನುವಂತೆ ಉಫ್ ಉಫ್ ಎಂದು ಊದುತ್ತಿದ್ದ. ಬಂದವರು ಕೈ ಮುಗಿದು ತೆಗೆದುಕೊಂಡು ಹೋಗುತ್ತಿದ್ದರು.

ಬಡವರ ಹತ್ತಿರ ಅವನು ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಅದನ್ನು ಊರು ದೊಡ್ಡ ಗುಣ ಎಂದುಕೊಂಡಿತ್ತು. ಅವನಿಗೆ ಬೇಕಾದದ್ದು ಬೇರೆ. ಮದುವೆ ಮನೆಗೆ ಅವನು ಬಂದರೆ ಹತ್ತು ಜನ ಎದ್ದು ನಿಲ್ಲಬೇಕು. ಎದ್ದು ನಿಲ್ಲದವರ ಅರ್ಜಿಯಲ್ಲಿ ಆಮೇಲೆ ಒಂದು ಕಾಗುಣಿತ ತಪ್ಪುತ್ತಿತ್ತು.

ಇಷ್ಟೇ ಆಗಿದ್ದರೆ ನಕ್ಕು ಬಿಡಬಹುದಿತ್ತು. ನಾನೂ ಬಹಳ ವರ್ಷ ನಕ್ಕೇ ಬಿಟ್ಟೆ.

ಶ್ರೀಪಾದ ಎಂದು ನಮ್ಮ ದೂರದ ನೆಂಟರ ಹುಡುಗ. ಅಡುಗೆಯವನು. ಕೊಲಂಬೊದ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ದೋಸೆ ಹೊಯ್ಯಲು ಹೋಗಿದ್ದ. ಹೋಟೆಲು ಮುಚ್ಚಿತು, ಇವನು ವಾಪಸು ಬಂದ. ಅಲ್ಲಿ ಬಿಲ್ಲು ಬರೆಯುತ್ತಿದ್ದ ತಮಿಳು ಹುಡುಗಿಯೊಬ್ಬಳು ಮೂವತ್ತು ದಿನದ ಪ್ರವಾಸಿ ವೀಸಾ ಹಿಡಿದು ಹಿಂದೆಯೇ ಬಂದಳು. ಹೆಸರು ಯೋಗರಾಣಿ. ಇಲ್ಲಿ ನಮ್ಮ ಹುಡುಗರಿಗೆ ಹೆಣ್ಣು ಸಿಗುವುದೇ ಕಷ್ಟವಾದ ಕಾಲ. ಶ್ರೀಪಾದನಿಗೆ ಮೂವತ್ತೇಳು. ಅವನ ಆಯಿ ಜಾತಕ ಕೇಳಲಿಲ್ಲ, ಜಾತಿ ಕೇಳಲಿಲ್ಲ, ‘ಇದು ಅನ್ನ ತಿಂತಲ್ದ? ಸಾಕು’ ಎಂದಳು. ಮದುವೆ ನಿಶ್ಚಯವಾಯಿತು.

ವೀಸಾದ ವಿಷಯ ಕೇಳಲು ಶ್ರೀಪಾದ ಅವನ ಹತ್ತಿರ ಬಂದ. ನಾನು ಈಚೆ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಲಂಗದ ಅಂಚು ಮಡಚುತ್ತಿದ್ದೆ.

‘ಇನ್ನು ಹದಿನೆಂಟು ದಿನ ಇದ್ದು ಮಾವ. ಮದುವೆ ಆದ್ಮೇಲೆ ಕಾರವಾರದ ಪೊಲೀಸ್ ಆಫೀಸಿಗೆ ಹೋಗಿ ಎಂತಾರೂ ಬರೆಸವಾ?’

‘ಹುಚ್ಚನನೋ ನೀನು? ನೀನಾಗೇ ಹೋಗಿ ಹಿಡ್ಕಳಿ ಹೇಳ್ತ್ಯ? ಈ ದೇಶದ ಮಾಣಿ ತಾಳಿ ಕಟ್ಟಿದ್ರೆ ಕಥೆ ಮುಗ್ದೋತು. ಅದಕ್ಕಿಂತ ದೊಡ್ಡ ವೀಸಾ ಯಾವ್ದೂ ಇಲ್ಲೆ. ಮದುವೆ ಆದ ಹೆಣ್ಣನ್ನ ಹೊರಗೆ ಹಾಕಲೆ ಯಾವ ಕಾಯ್ದೆಗೂ ಆಗ್ತಿಲ್ಲೆ. ಯಲ್ಲಾಪುರದಲ್ಲಿ ಹಿಂಗೇ ಒಂದು ಕೇಸು...’

‘ಆದ್ರೂ ಮಾವ, ಪಾಸ್‌ಪೋರ್ಟಲ್ಲಿ ಹೆಸ್ರು...’

‘ಹೆಸ್ರು ಹೆಂಗೂ ಬದಲಾಗ್ತಲ!’ ಎಂದು ಅವನು ಮೇಜು ಕುಟ್ಟಿದ. ‘ನಂಗಳಲ್ಲಿ ಮದುವೆ ದಿನ ಕೂಸಿಗೆ ಹೊಸ ಹೆಸ್ರು ಇಡ್ತ್ವ ಇಲ್ಯ? ಭಾರತಿ ಹೇಳಿ ಇಡು. ಹೆಸರೇ ಭಾರತಿ ಆದ್ಮೇಲೆ, ನಿಂದು ಯಾವ ದೇಶ ಹೇಳಿ ಕೇಳವ ಯಾರಿದ್ದ?’

ನಾನು ಈಚೆ ನಕ್ಕ ನಗೆಗೆ ಗುಂಡುಪಿನ್ನು ಗಂಟಲಿಗೆ ಇಳಿಯುವುದೊಂದು ಬಾಕಿ. ಎಂಥ ತಲೆ ಇವನದು ಎನಿಸಿತ್ತು. ಆ ನಗುವಿನ ಸುದ್ದಿ ಮುಂದೆ ಬರುತ್ತದೆ.

ಹರಿವಾಣದಲ್ಲಿ ಅಕ್ಕಿ ಹರವಿ ಶ್ರೀಪಾದ ಉಂಗುರದಲ್ಲಿ ಹೊಸ ಹೆಸರು ಬರೆದ. ಹುಡುಗಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಅಕ್ಕಿಯನ್ನೇ ನೋಡುತ್ತಿದ್ದಳು. ನಾನು ಹಿಂದಿನಿಂದ ಕಿವಿಯಲ್ಲಿ ಹೇಳಿದೆ. ‘ಪಾರತಿ’ ಎಂದು ಒಮ್ಮೆ ಅಂದು ನೋಡಿ, ತಲೆಯಾಡಿಸಿದಳು. ಅವಳ ರವಿಕೆ ನಾನೇ ಹೊಲಿದದ್ದು.

ನಮ್ಮ ಮನೆಗಳಲ್ಲಿ ಹೊಸ ಹೆಸರು ಅಡುಗೆ ಮನೆಯ ತನಕ. ಗಂಡನ ಮನೆಯವರು ಕರೆಯುತ್ತಾರೆ, ಮುಗಿಯಿತು. ಅವನು ಅದನ್ನು ಸರ್ಕಾರದ ಕಾಗದಕ್ಕೆ ಏರಿಸಿದ. ಮದುವೆ ನೋಂದಣಿ ಭಾರತಿಯ ಹೆಸರಿನಲ್ಲಿ, ರೇಷನ್ ಕಾರ್ಡು, ಆಧಾರ್ ಎಲ್ಲ ಭಾರತಿಯ ಹೆಸರಿನಲ್ಲಿ. ಹುಟ್ಟಿದ ಸ್ಥಳ ಎಂಬಲ್ಲಿ ನಮ್ಮ ತಾಲ್ಲೂಕಿನದೇ ಊರು ‘ಬಿಳಗಿ’ ಎಂದು ತುಂಬಿದ. ‘ಹಳೇ ರಾಜಧಾನಿ ಅದು. ರಾಜರ ಕಾಗದಕ್ಕೇ ಗೆದ್ದಲು ಹಿಡದ್ದು, ಇನ್ನು ಈ ಕೂಸಿನ ಕಾಗದ ಕೇಳವ ಯಾರು?’ ಎಂದ. ಪಾಸ್‌ಪೋರ್ಟನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಎಸೆಯಲು ಹೇಳಿದ. ಪ್ರತಿ ಕಾಗದಕ್ಕೂ ಟಪ್ಪೆಂದು ಮೊಹರು. ಪರಿಶೀಲಿಸಲಾಗಿದೆ. ಉಫ್.

ಹದಿನೆಂಟು ದಿನ ಹದಿನೆಂಟೇ ದಿನಕ್ಕೆ ಮುಗಿಯಿತು. ವೀಸಾದ ಯೋಗರಾಣಿ ವಾಪಸು ಹೋಗಲಿಲ್ಲ. ತಾಳಿಯ ಭಾರತಿ ಎಲ್ಲಿಂದಲೂ ಬಂದಿರಲಿಲ್ಲ.

ಅವಳು ನಮ್ಮ ಮಾತು ಕಲಿತ ರೀತಿ ನೋಡಬೇಕಿತ್ತು. ವರ್ಷ ತುಂಬುವುದರೊಳಗೆ ‘ಎಂತ ದೊಡ್ಡಮ್ಮ, ಆಸರಿಗೆ ಎಂತಾರೂ ಕುಡಿತ್ರಾ?’ ಎಂದು ಕೇಳುವಷ್ಟಾದಳು. ಬೆಂಗಳೂರಲ್ಲಿ ಓದಿ ಬಂದ ನನ್ನ ಸೊಸೆಗೆ ಇವತ್ತಿಗೂ ಅಷ್ಟು ಬರುವುದಿಲ್ಲ. ಒಂದು ಮಗಳು ಹುಟ್ಟಿತು. ಗಂಡ ಹೆಂಡತಿ ಮದುವೆ ಮುಂಜಿಗಳ ಅಡುಗೆ ಒಪ್ಪಿಕೊಳ್ಳುತ್ತಿದ್ದರು. ಶಿರಸಿ, ಸೋಂದಾ, ವಾನಳ್ಳಿ, ಎಲ್ಲಿ ದೊಡ್ಡ ಊಟವೋ ಅಲ್ಲಿ ಇವರು. ಅವಳು ಬಡಿಸುತ್ತ ಪಂಕ್ತಿಯಲ್ಲಿ ಬಂದರೆ, ಉಣ್ಣಲು ಕೂತ ಆ ಅರ್ಜಿ ಬರೆಯುವವನು ಪಕ್ಕದವನ ಮೊಣಕೈ ತಿವಿದು, ‘ಅದು ನನ್ನ ಕೇಸು. ಎಲ್ಲಾ ನಂದೇ ಕಾಗದ’ ಎನ್ನುತ್ತಿದ್ದ. ಅವಳಿಗೂ ಕೇಳಿಸುತ್ತಿತ್ತು. ಅವನ ಎಲೆಗೆ ಎರಡು ಸಲ ಬಡಿಸಿ ಮುಂದೆ ಹೋಗುತ್ತಿದ್ದಳು.

ಎಂಟನೆಯ ವರ್ಷ ಅವಳ ತಾಯಿಗೆ ಕಾಯಿಲೆ ಜೋರಾಯಿತು. ಒಮ್ಮೆ ಹೋಗಿ ಬರಬೇಕೆಂದಳು. ಕೇಳಲು ಖೋಲಿಗೆ ಹೋದರೆ ಅವನು ಸ್ವಲ್ಪವೂ ಯೋಚಿಸದೆ, ‘ಇಲ್ಲಿದೇ ಪಾಸ್‌ಪೋರ್ಟ್ ಮಾಡ್ಸು, ಭಾರತಿ ಹೇಳಿ’ ಎಂದ. ಅರ್ಜಿ ಹೋಯಿತು. ವಿಚಾರಣೆಗೆ ಪೊಲೀಸರು ಬರುತ್ತಾರೆ, ಶಾಲೆಯ ಬಗ್ಗೆ ಕೇಳಿದರೆ ‘ಹೆಗಡೆ ಮಾಸ್ತರು’ ಎನ್ನು, ಹೆಗಡೆ ಮಾಸ್ತರು ಇಲ್ಲದ ಶಾಲೆ ಈ ಸೀಮೆಯಲ್ಲಿಲ್ಲ ಎಂದು ಪಾಠ ಹೇಳಿಕೊಟ್ಟ.

ಬಂದ ಪೊಲೀಸ ಕಾಗದ ನೋಡಿ ಮುಖ ಅರಳಿಸಿದನಂತೆ.

‘ಅರೇ, ಬಿಳಗೀನಾ? ನಮ್ಮೂರೇ ಆಯ್ತಲ್ಲ ಅಕ್ಕಾ! ಯಾರ ಮನೆ ನಿಮ್ಮದು?’

ಅವಳು ಚಹದ ಲೋಟ ಅವನ ಕೈಗೆ ಕೊಟ್ಟಳು.

‘ಶಾಲೆ ಅಲ್ಲೇನಾ? ಯಾವ ಮಾಸ್ತರು ಇದ್ರು ನಿಮ್ಗೆ?’

‘ಹೆಗಡೆ ಮಾಸ್ತರು.’

ಪೊಲೀಸ ಚಹದ ಲೋಟ ಕೆಳಗಿಟ್ಟ. ‘ಅಕ್ಕಾ, ಆ ಶಾಲೇಲಿ ಇಪ್ಪತ್ತು ವರ್ಷ ನಮ್ಮಪ್ಪನೇ ಮಾಸ್ತರು. ನಾವು ನಾಯ್ಕರು.’

ಅಷ್ಟೇ. ರಾಜರ ಕಾಗದಕ್ಕೆ ಹಿಡಿದ ಗೆದ್ದಲು ಮಾಸ್ತರರ ಮಗನಿಗೆ ಹಿಡಿದಿರಲಿಲ್ಲ. ತಿಂಗಳೊಳಗೆ ಕಾರವಾರದಿಂದ ನೋಟೀಸು ಬಂತು. ಪರದೇಶದವಳು, ಅವಧಿ ಮೀರಿ ನಿಂತಿದ್ದಾಳೆ, ಸುಳ್ಳು ಕಾಗದ ಮಾಡಿಸಿದ್ದಾಳೆ, ಯಾಕೆ ಗಡೀಪಾರು ಮಾಡಬಾರದು ಹೇಳಿ, ಎಂದು.

ಶ್ರೀಪಾದ ನೋಟೀಸು ಹಿಡಿದು ಅವನ ಖೋಲಿಗೆ ಓಡಿ ಬಂದ. ಹಲಗೆಯ ಆಚೆಯಿಂದ ಅವನ ದನಿ ಕೇಳಿತು. ಅಷ್ಟು ಸಣ್ಣ ದನಿ ಅವನಿಗಿದೆ ಎಂದು ನನಗೆ ಗೊತ್ತೇ ಇರಲಿಲ್ಲ.

‘ಆನು ಬರೀ ಬರೆದವ ಮಾರಾಯ. ನಿಂಗ ಹೇಳಿದ್ದು, ಆನು ಬರೆದದ್ದು.’

ಶ್ರೀಪಾದನನ್ನೂ ಅವಳನ್ನೂ ಕರೆದುಕೊಂಡು ನಾನು ಶಿರಸಿಗೆ ಹೋದೆ. ಅಲ್ಲೊಬ್ಬಳು ವಕೀಲೆ, ನನ್ನ ಹತ್ತಿರ ಹೊಲಿಗೆ ಕಲಿಯಲು ಬರುತ್ತಿದ್ದವಳ ಮಗಳು, ಯಲ್ಲಾಪುರಕ್ಕೆ ಮದುವೆಯಾಗಿ ಹೋದರೂ ಶಿರಸಿಯಲ್ಲೂ ಒಂದು ಆಫೀಸು ಇಟ್ಟುಕೊಂಡವಳು. ಕಾಗದಗಳನ್ನೆಲ್ಲ ಓದಿ ಕನ್ನಡಕ ತೆಗೆದಳು.

‘ಮದುವೆಯಾದ ಮಾತ್ರಕ್ಕೆ ಯಾರೂ ಈ ದೇಶದವರಾಗುವುದಿಲ್ಲ. ಆದರೆ ಮದುವೆ ಏನೂ ಅಲ್ಲ ಅಂತಲೂ ಅಲ್ಲ,’ ಎಂದಳು. ‘ಆ ಹದಿನೆಂಟು ದಿನದಲ್ಲಿ ಇವರಿಬ್ಬರು ಮದುವೆಯ ಕಾಗದ ಹಿಡಿದು ಕಾರವಾರಕ್ಕೆ ಹೋಗಿ, ಗಂಡ ಭಾರತದವನು, ನನ್ನ ವೀಸಾ ಬದಲಾಯಿಸಿ ಕೊಡಿ ಅಂದಿದ್ದರೆ ಅದಕ್ಕೊಂದು ದಾರಿ ಇತ್ತು. ಸರಿಯಾದ ವೀಸಾದಲ್ಲಿ ಏಳು ವರ್ಷ ಇದ್ದಿದ್ದರೆ ಪೌರತ್ವಕ್ಕೇ ಅರ್ಜಿ ಹಾಕಬಹುದಿತ್ತು. ಇವರು ಎಂಟು ವರ್ಷ ಇದ್ದಾರೆ. ಒಂದು ದಿನವೂ ಲೆಕ್ಕಕ್ಕಿಲ್ಲ.’

‘ಯಲ್ಲಾಪುರದಲ್ಲಿ ಒಂದು ಕೇಸು ಆಗಿತ್ತು ಹೇಳಿದ್ದ ಮಾವ,’ ಎಂದ ಶ್ರೀಪಾದ.

‘ನಾನು ದಿನಾ ಯಲ್ಲಾಪುರದ ಕೋರ್ಟಿಗೇ ಹೋಗೋದು,’ ಎಂದಳು ವಕೀಲೆ. ‘ಅಂಥ ಕೇಸು ಇಲ್ಲ.’

ಭಾರತಿ ಒಂದೇ ಮಾತು ಕೇಳಿದಳು. ‘ಮಗಳು?’

‘ಅವಧಿ ಮೀರಿದ್ದಕ್ಕೆ ದಂಡ ಕಟ್ಟಿ, ಅನುಮತಿ ಪಡೆದು ನೀವಾಗಿ ಹೋದರೆ, ಹೆಂಡತಿ ಎಂಬ ವೀಸಾದಲ್ಲಿ ಮತ್ತೆ ಬರಲು ಕೇಳಬಹುದು. ಸುಳ್ಳು ಕಾಗದ ನೀವೇ ಮಾಡಿಸಿದ್ದು ಅಂತಾದರೆ ಕೇಸು ಹಾಕುತ್ತಾರೆ, ಆಮೇಲೆ ಗಡೀಪಾರು, ಮತ್ತೆ ಒಳಗೆ ಬಿಡುವುದಿಲ್ಲ. ಮಗಳು ಇಲ್ಲಿ, ನೀವು ಅಲ್ಲಿ. ಅದಕ್ಕೇ ಕೇಳುತ್ತಿದ್ದೇನೆ. ಬಿಳಗಿ ಅಂತ ಬರೆಯಲು ಹೇಳಿದ್ದು ಯಾರು? ಅವರು ಒಂದು ಪ್ರಮಾಣಪತ್ರ ಕೊಡುತ್ತಾರಾ?’

ಅಟ್ಟದಿಂದ ಹಳೆಯ ಪಾಸ್‌ಪೋರ್ಟು ಸಿಕ್ಕಿತು. ಮೂಲೆಯನ್ನು ಹುಳ ತಿಂದಿತ್ತು, ದೇಶದೊಳಗೆ ಬಂದ ದಿನದ ಮೊಹರು ಮಾತ್ರ ಸ್ಪಷ್ಟವಿತ್ತು. ಇನ್ನು ಬೇಕಾದದ್ದು ಅವನ ಒಂದು ಸಹಿ.

ಅವನು ಕೊಡುತ್ತೇನೆ ಎಂದ! ನನಗೇ ಆಶ್ಚರ್ಯವಾಯಿತು. ತಾನೇ ಬರೆದ, ಅದೇ ಮುತ್ತಿನಂಥ ಅಕ್ಷರದಲ್ಲಿ. ಶ್ರೀಪಾದ ಕಣ್ಣೀರು ಹಾಕಿಕೊಂಡು ಕಾಲಿಗೆ ಬಿದ್ದು ಎದ್ದು, ಕಾಗದವನ್ನು ನನಗೆ ತೋರಿಸಲು ಈಚೆ ಬಂದ. ನಾನು ಓದಿದೆ. ಎಲ್ಲ ಸರಿಯಿತ್ತು. ಕೊನೆಯ ಸಾಲಿನಲ್ಲಿ ‘ಸದರಿ ವಿವರಗಳನ್ನು ಅವರು ಹೇಳಿದಂತೆ ಬರೆದಿರುತ್ತೇನೆ’ ಎಂದಿತ್ತು.

ಕಾಗದ ಹಿಡಿದು ಆಚೆ ಹೋದೆ.

‘ಭಾವ, ಇದೆಂತದು, ಹೇಳಿದಂತೆ? ಯಾರು ಹೇಳಿದ್ದು? ಬಿಳಗಿ ಎಲ್ಲಿದ್ದು ಹೇಳಿ ಆ ಕೂಸಿಗೆ ಗೊತ್ತಿತ್ತಾ?’

‘ಅತ್ಗೆ, ಅದು ಕಾಯ್ದೆ ಭಾಷೆ. ನಿಂಗೆ ತೆಳಿತಿಲ್ಲೆ.’

‘ನಂಗೆ ಕತ್ತರಿ ಭಾಷೆ ತೆಳಿತು. ಆ ಒಂದು ಪದ ಕತ್ತರ್ಸು.’

‘ಆಗ್ತಿಲ್ಲೆ.’

‘ಆ ಹುಡ್ಗಿ ಮಗಳನ್ನ ಬಿಟ್ಟು ಹೋಗವು, ಮತ್ತೆ ಬಪ್ಪಲೆ ಆಗ.’

‘ಹಂಗಾರೆ ಆನು ಜೈಲಿಗೆ ಹೋಗವಾ? ಆನು ಊರಿಗೇ ಬೇಕಾದವ ಅತ್ಗೆ.’

ಅವನು ಕಾಗದ ಕಿತ್ತುಕೊಂಡು ನಾಲ್ಕು ತುಂಡು ಮಾಡಿದ. ಆಗ ನಾನು ಶ್ರೀಪಾದನ ಹತ್ತಿರವಿದ್ದ ಭಾರತಿಯ ಹಳೆಯ ಅರ್ಜಿಗಳ ನಕಲು ತೆಗೆದು ನೋಡಿದೆ. ನಮ್ಮಲ್ಲಿ ಯಾವ ಪತ್ರ ಬರೆದರೂ ಬರೆದವನು ಕೊನೆಯಲ್ಲಿ ‘ಬಿಕ್ಕಲಂ’ ಎಂದು ಹಾಕಿ ತನ್ನ ಹೆಸರು ಬರೆಯಬೇಕು. ಜಮೀನಿನ ಪತ್ರಗಳಲ್ಲೆಲ್ಲ ಅವನ ಬಿಕ್ಕಲಂ ಬಾಲ ಬಿಟ್ಟುಕೊಂಡು ಕುಣಿಯುತ್ತಿತ್ತು. ಈ ಹುಡುಗಿಯ ಒಂದೇ ಒಂದು ಕಾಗದದಲ್ಲೂ ಇರಲಿಲ್ಲ. ಅಂದರೆ ಅವನಿಗೆ ಮೊದಲ ದಿನದಿಂದಲೂ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದ ಮೂರ್ಖ ಎಂದು ಅಷ್ಟು ದಿನ ಇಟ್ಟುಕೊಂಡಿದ್ದ ಚೂರು ಕರುಣೆಯೂ ನನ್ನಿಂದ ಅಂದೇ ಹೋಯಿತು. ಈ ಬರಹದಲ್ಲಿ ಅವನ ಹೆಸರಿಲ್ಲ ಎಂದು ಯಾರಾದರೂ ಕೇಳಿದರೆ, ಅವನೇ ಬಿಟ್ಟ ಜಾಗ ಅದು, ನಾನೇಕೆ ತುಂಬಲಿ?

ಕಾರವಾರಕ್ಕೆ ನಾನೇ ಹೋದೆ, ವಕೀಲೆಯ ಜೊತೆ. ಅಧಿಕಾರಿ ಹಾವೇರಿ ಕಡೆಯವರು. ‘ಬರ್ರಿ ಅಜ್ಜಿ, ಕುಂದರ್ರಿ’ ಎಂದರು. ಹಲಗೆಯ ಆಚೆಯಿಂದ ಕೇಳಿದ್ದನ್ನೆಲ್ಲ ಹೇಳಿದೆ. ಕಾರವಾರಕ್ಕೆ ಹೋಗಬೇಡ ಎಂದದ್ದು, ಭಾರತಿ ಎಂದು ಇಡು ಎಂದದ್ದು, ಬಿಳಗಿ, ಅಟ್ಟ, ಹೆಗಡೆ ಮಾಸ್ತರು. ಅವರು ಬರೆದುಕೊಂಡರು. ಮೊಹರನ್ನು ಬೆರಳಲ್ಲಿ ಮುಟ್ಟಿ, ‘ಇದನ್ನ ಯಾರು ಪರಿಶೀಲಿಸ್ಯಾರ್ರಿ?’ ಎಂದು ಕೇಳಿದರು. ಆಮೇಲೆ ತಲೆ ಎತ್ತಿ,

‘ಅಜ್ಜಿ, ಇಷ್ಟೆಲ್ಲಾ ಕೇಳೀರಿ. ಆವಾಗ ಯಾಕ ಬಾಯಿ ಬಿಡಲಿಲ್ಲ?’

ಸುಳ್ಳು ಹೇಳಬಹುದಿತ್ತು. ವಯಸ್ಸಾದವರನ್ನು ನಂಬುತ್ತಾರೆ.

‘ನಗ್ತಾ ಇದ್ದಿದ್ದೆ ಸಾಹೇಬ್ರೆ,’ ಎಂದೆ.

ಅವರು ಅದನ್ನೂ ಬರೆದುಕೊಂಡರು. ನಾನು ಸಹಿ ಹಾಕಿದೆ. ಆ ಸಾಲು ಇವತ್ತಿಗೂ ಕಾರವಾರದ ಯಾವುದೋ ಕಪಾಟಿನಲ್ಲಿ ನನ್ನ ಹೆಸರಿನ ಕೆಳಗೆ ಕೂತಿದೆ.

ಮಾರನೆಯ ದಿನ ಅವನು ನನ್ನ ಅಂಗಡಿಯ ಬಾಗಿಲಲ್ಲಿ ನಿಂತಿದ್ದ. ಅಂಗಿಯ ಗುಂಡಿ ಮೇಲೆ ಕೆಳಗಾಗಿತ್ತು.

‘ಅತ್ಗೆ, ನನ್ನ ಮೇಲೆ ಹೇಳಿಕೆ ಕೊಟ್ಟಿದ್ಯಡ?’

‘ಹೌದು.’

‘ಇನ್ನು ನನ್ನ ಎಂತ ಮಾಡ್ತ? ಎಲ್ಲಿಗೆ ಹಾಕ್ತ?’

‘ಹೆದ್ರಡ ಭಾವ,’ ಎಂದೆ. ‘ನಿನ್ನ ಗಡೀಪಾರು ಮಾಡ್ತ್ವಿಲ್ಲೆ. ಅದಕ್ಕೆ ಬೇರೆ ಯಾವ್ದಾರೂ ದೇಶ ನಿನ್ನ ತಗಂತಿ ಹೇಳವು.’

ಅವನನ್ನು ಕರೆಸಿ ವಿಚಾರಿಸಿದರು, ಎರಡು ಮೂರು ಸಲ ಕಾರವಾರಕ್ಕೆ ಅಲೆಸಿದರು. ಮೊಹರನ್ನು ಕಿತ್ತುಕೊಂಡರು. ಅದಕ್ಕಿಂತ ಹೆಚ್ಚು ಏನೂ ಆಗಲಿಲ್ಲ. ಅಂಥವರಿಗೆ ಆಗುವುದಿಲ್ಲ. ಊರಿನಲ್ಲಿ ‘ಪಾಪ, ಉಪಕಾರ ಮಾಡಲು ಹೋಗಿ ಸಿಕ್ಕಿಬಿದ್ದ’ ಎಂದು ಮಾತಾಯಿತು. ಮದುವೆ ಮನೆಯಲ್ಲಿ ಏಳುವವರು ಹತ್ತರಿಂದ ಆರಕ್ಕೆ ಇಳಿದರು, ಅಷ್ಟೇ.

ಭಾರತಿಯ ಮೇಲೆ ಸುಳ್ಳು ಕಾಗದದ ಕೇಸು ಹಾಕಲಿಲ್ಲ. ದಂಡ ಕಟ್ಟಿ ಹೊರಡಲು ಅನುಮತಿ ಸಿಕ್ಕಿತು. ಹೊರಡುವ ಮುಂಚೆ ಕಾಗದಕ್ಕೆ ಸಹಿ ಹಾಕುವಾಗ ಏಳು ವರ್ಷದ ಮಗಳು ಪಕ್ಕದಲ್ಲಿ ನಿಂತು ಅಕ್ಷರ ಕೂಡಿಸಿ ಓದಿತು.

‘ಆಯಿ, ಯೋಗರಾಣಿ ಅಂದ್ರೆ ಯಾರು?’

‘ಆನೇ.’

‘ಹಂಗಾರೆ ಭಾರತಿ?’

ಅವಳು ಮಗಳ ಜಡೆಯ ರಿಬ್ಬನ್ನು ಬಿಚ್ಚಿ ಮತ್ತೆ ಕಟ್ಟಿದಳು.

ಹನ್ನೊಂದು ತಿಂಗಳು ಬೇಕಾಯಿತು. ತಾಯಿಯ ಕೊನೆಯ ದಿನಗಳಿಗೆ ಅವಳು ಅಲ್ಲಿದ್ದದ್ದೊಂದು ದೇವರು ಮಾಡಿದ ಒಳ್ಳೆಯ ಕೆಲಸ. ಆಮೇಲೆ ಹೆಂಡತಿ ಎಂಬ ವೀಸಾ ಬಂತು, ಯೋಗರಾಣಿ ಎಂಬ ಹೆಸರಿಗೇ. ವಾಪಸು ಬಂದ ದಿನ ಮಗಳು ಸ್ವಲ್ಪ ಹೊತ್ತು ದೂರವೇ ನಿಂತಿತ್ತಂತೆ, ಫೋನಿನಲ್ಲಿ ನೋಡಿದ ಮುಖ ಇಷ್ಟು ದೊಡ್ಡದಾಗಿದೆಯಲ್ಲ ಎಂದು. ಏಳು ವರ್ಷದ ಎಣಿಕೆ ಈಗ ಒಂದರಿಂದ ಶುರುವಾಗಿದೆ. ಅದು ಮುಗಿಯುವ ತನಕ ಪ್ರತಿ ಸಲ ವೀಸಾದ ಅವಧಿ ತೀರುವ ಮುಂಚೆ ಕಾರವಾರಕ್ಕೆ ಹೋಗಬೇಕು, ಕಾಗದ ತೋರಿಸಬೇಕು, ನಾನಿನ್ನೂ ಇವನ ಹೆಂಡತಿ ಎನ್ನಬೇಕು. ಹೋಗುತ್ತಾಳೆ, ಎನ್ನುತ್ತಾಳೆ.

ಅವಳು ಬಂದ ನಾಲ್ಕನೇ ತಿಂಗಳಿಗೆ ಅವನು ತೀರಿಕೊಂಡ. ಒಂದು ಮಧ್ಯಾಹ್ನ ಪಕ್ಕದ ಖೋಲಿಯಲ್ಲಿ ಅರ್ಜಿ ಬರೆಯುವ ಮೇಜಿನ ಮೇಲೆ ತಲೆಯಿಟ್ಟವನು ಎತ್ತಲಿಲ್ಲ. ಹದಿಮೂರನೆಯ ದಿನದ ಊಟಕ್ಕೆ ಊರೆಲ್ಲ ಹೋಯಿತು. ನಾನು ಮಂಡಿ ನೋವು ಎಂದು ಮನೆಯಲ್ಲೇ ಉಳಿದೆ. ಮಂಡಿಗೆ ಏನೂ ಆಗಿರಲಿಲ್ಲ. ಸಂಜೆ ಯೋಗರಾಣಿ ಬಂದಳು, ಒಳ್ಳೆಯ ಸೀರೆ ಉಟ್ಟಿದ್ದಳು.

‘ನೀನು ಹೋಗಿದ್ಯ?’ ಎಂದೆ. ‘ಎಂತಕ್ಕೆ ಹೋದೆ ಮಾರಾಯ್ತಿ, ಅಂವನ ಊಟಕ್ಕೆ?’

‘ನೋಡಲೆ ಹೋಗಿದ್ದಿ ದೊಡ್ಡಮ್ಮ.’

‘ಎಂತ ನೋಡಲೆ?’

‘ಆನು ವಿಮಾನ ಹತ್ತವರಿಗೂ ಒಬ್ಬ ಪೊಲೀಸ ಜೊತಿಗೇ ಇದ್ದಿದ್ದ, ಆನು ಹೋದ್ನೋ ಇಲ್ಯೋ ಹೇಳಿ ನೋಡಲೆ,’ ಎಂದಳು. ಸೆರಗಿನಿಂದ ಕುತ್ತಿಗೆಯ ಬೆವರು ಒರೆಸಿಕೊಂಡು ನನ್ನ ಪಕ್ಕ ಕೂತಳು. ‘ಅವ್ರು ಹೋದದ್ದನ್ನೂ ಯಾರಾರೂ ಒಬ್ರು ನೋಡವಲ. ಖಾತ್ರಿ ಮಾಡ್ಕಂಡು ಬಂದಿ. ಪಾಯಸ ಚೊಲೋ ಇತ್ತು.’